ಮೂರು ಕೈ ವಾರ್ನಿಶ್

ಟ್ರ್ಯಾಕ್ಟರಿನ ಟ್ರೇಲರಿನಾಗ ಮಲಗಿಸಿ ತಂದ್ಲು ಪೋಲಮ್ಮ,
ಹಿಂದ ಒಂದು ಮಾರು ಹೊರಗ ಚಾಚಿ
ತುದಿಗೆ ಕೆಂಪು ರವಿಕಿ ಕಟ್ಟಿದ ಉದ್ದಾನ ಕಟಗಿ.
ಮುನಿರಾಬಾದಿನ ಗೇಟು ಬಿದ್ದಿತ್ತಂತ.
ಗೂಡ್ಸು ಗಾಡಿ ದಾಟೋತನಕ ಎಲ್ಲಾರೂ ಕೇಳಿದ್ರಂತ:
ಯಾವ ಊರಿಗೆ ಲೈಟಿನ ಕಂಬ?

ಕಂಬ ಅಂದ್ರ ನಮ್ಮ ಕಡೆ ನಿಂತಲ್ಲೇ ನಿಲ್ಲೂದು.
ಮಾಳಿಗಿ ಹೊರೂದು, ಎತ್ತು ಕಟ್ಟಿದ್ರ ತಡಕೊಳ್ಳೂದು.
ದೋಣಿ ಮ್ಯಾಲಿನ ಕಂಬಕ್ಕ ಹೆಸರೈತೇನು ಅಂತ
ಸಾಲಿ ಮಾಸ್ತರ್ರನ್ನ ಕೇಳಿದೆ.
ಕನ್ನಡಕ ಹಣಿಗೇರಿಸಿ "ಕೂವೆ" ಅಂದ್ರು.
ಯಾರೋ ಆಚಿ ದಂಡಿಯಿಂದ ಕೂಗಿದಂಗಾತು.

ಬಿಸಲಿಗೆ ಬೂದಿ ಬಣ್ಣ. ಹಳೇ ವಾರ್ನಿಶ್
ಹಾವಿನ ಪೊರಿಯಂಗ ಎದ್ದು ನಿಂತಿತ್ತು.
ಗಾಜಿನ ಚೂರು ಹಿಡದು ಎರಡು ದಿನ ಕೆರದೆ.
ಹಗ್ಗ ತಿಂದ ಉಂಗುರದಂಥ ಗೆರಿ ಸಿಕ್ಕವು,
ಕಂದೀಲು ತೂಗಿದ ಮೊಳಿ ಸಿಕ್ತು,
ಎಂದೋ ಹಚ್ಚಿದ ಮೀನೆಣ್ಣಿ ವಾಸನಿ ಎದ್ದು ಬಂತು.
ದಾವಲ್ ಮೂಗು ಮುಚ್ಚಿಕೊಂಡು ಅಂದ:
"ಕಾಕಾ, ಈ ಮರ ಸಮುದ್ರ ನೋಡೇತಿ."
ಅಂವ ಟೀವ್ಯಾಗ ನೋಡ್ಯಾನ. ನಾ ಅದೂ ಇಲ್ಲ,
ಬಾಗಲಾ ಮಂಚ ಪಾಲಿಶ್ ಮಾಡಾಂವ.

ಬುಡದಾಗ ಎರಡೂವರಿ ಮೊಳ ಕೊಳತಿತ್ತು,
ಉಳಿ ಒತ್ತಿದ್ರ ನೆನೆದ ರೊಟ್ಟಿಯಂಗ ಕೈಗೆ ಬಂತು.
ಅಷ್ಟು ಕೊಯ್ದು, ಬ್ಯಾರೆ ತುಂಡು
ಓರೆಗೆ ಸವರಿ ಗಲ್ಲಕ್ಕ ಗಲ್ಲ ಹಚ್ಚಬೇಕು.
ಅಂಥಾ ಹಳೇ ಸಾಗವಾನಿ ಎಲ್ಲಿ ತರೂದು?
ಗಂಗಾವತಿ ಅಡ್ಡಾದಾಗ ಎಲ್ಲಾ ನಿನ್ನೆ ಕಡದಂಥಾವು.
ಅಟ್ಟದ ಮ್ಯಾಲ ಅಜ್ಜನ ಚೌಕಟ್ಟು ಇತ್ತು, ಗೇಣು ದಪ್ಪ.

ಡ್ಯಾಂ ತುಂಬೂ ವರ್ಷ ಊರು ಬಿಡೂಮುಂದ
ಮಾನಪ್ಪಜ್ಜ ಮನಿಯಿಂದ ಕಿತ್ತು ತಂದದ್ದು ಅದೊಂದ.
ಒಲಿ, ಹಗೇವು, ಊರ ಹೆಸರು
ಎಲ್ಲಾ ನೀರಿನ ತಳಕ್ಕ.
ಗ್ವಾಡಿ ಇಲ್ಲದ ಆ ಚೌಕಟ್ಟನ್ನ
ಸಾಯೂತನಕ ಒರಸಿ ಒರಸಿ ಇಟಗೊಂಡಿದ್ದ.
ಅದನ್ನ ಹಾದು ಹೋದ್ರ
ಎರಡೂ ಕಡೆ ಬಯಲ.

ಗರಗಸ ಇಡೂಮುಂದ ಕೈ ನಡುಗಿತು ಅಂದ್ರ ಸುಳ್ಳು.
ಕಟಗಿ ಒಳಗ ಇನ್ನೂ ಜೇನಿನ ಬಣ್ಣ ಇತ್ತು,
ನೋಡಿ ಬಾಯಾಗ ನೀರು ಬಂತು ಬಡಿಗ್ಯಾಗ.
ಆಮ್ಯಾಲ ರಾತ್ರಿ ನಿದ್ದಿ ಬರಲಿಲ್ಲ, ಅದು ಬ್ಯಾರೆ.

ಮೊದಲ ಕೈ ಅರ್ಧ ಟರ್ಪೆಂಟೈನ್ ಬೆರಸಿ, ತೆಳ್ಳಗ.
ಒಣಮರ ಕುಡೀತು, ಎರಿಹೊಲ ಮೊದಲ ಮಳಿ ಕುಡದಂಗ.
ಎರಡನೇ ಕೈ ಆರೂದರಾಗ
ಗಿಣಿಗೇರಿ ಕಡೆ ಕಾರ್ಖಾನಿ ಬೂದಿ ಗಾಳಿಗೆ ಬಂದು
ಮೈತುಂಬ ಕುಂತು
ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿಬಿಡ್ತು.
ಮತ್ತ ತಿಕ್ಕಿದೆ. ಮನಿಯಿಂದ ಸೊಳ್ಳಿಪರದಿ ತಂದು
ಉದ್ದಕ್ಕ ಕಟ್ಟಿ, ಒಳಗ ತೆವಳಿಕೋತ ಹೋಗಿ
ಮೂರನೇ ಕೈ ಹೊಡದೆ.
ಹೆಂಡತಿ ಅಂಗಡಿ ಮುಂದ ನಿಂತು ಅಂದ್ಲು:
"ನನ್ನ ಬಾಣಂತನಕ್ಕೂ ಇಷ್ಟು ಮಾಡಲಿಲ್ಲ ನೀ."

ಪೋಲಮ್ಮ ಹೊಳಪು ನೋಡಲಿಲ್ಲ.
ಬೆರಳಿನ ಗೆಣ್ಣಿಲೆ ತುದಿಯಿಂದ ಕುಟ್ಟಿಕೋತ ಬಂದ್ಲು
ಗಡಿಗಿ ಕೊಳ್ಳೂವಂಗ, ಕಿವಿ ಹಚ್ಚಿ.
ಜೋಡಣಿ ದಾಟಿದ ಕೂಡಲೆ ನಿಂತ್ಲು.
"ಇದು ಬ್ಯಾರೆ ಮರ."
ಬಾಗಲ ಚೌಕಟ್ಟು ಅಂದೆ.
ಯಾವ ಊರದು? ಹೇಳಿದೆ.
"ಓ, ಅಲ್ಲೇ ನಮ್ಮ ಬಲಿ ಸಿಗಿಬೀಳೂದು," ಅಂದ್ಲು,
"ಬ್ಯಾಸಗ್ಯಾಗ ಗ್ವಾಡಿ ತಲಿ ಕಾಣತಾವು."
ನಾ ಮತ್ತೇನೂ ಕೇಳಲಿಲ್ಲ.

ಚಿಲಕದ ತೂತೊಂದು ಉಳದಿತ್ತು,
ಬಿರಡಿ ಬಡದು ಮುಚ್ಚತೀನಿ ಅಂದೆ.
ಬ್ಯಾಡ, ಹಗ್ಗ ಪೋಣಸಾಕ ಬೇಕು ಅಂದ್ಲು.
ಇನ್ನೂರು ರೂಪಾಯಿ ಮುರಕೊಂಡು
ಬದಲಿಗೆ ಒಂದು ಬುಟ್ಟಿ ಮೀನು ಇಳಿಸಿ ಹೋದ್ಲು.
ನಾವು ತಿನ್ನಂಗಿಲ್ಲ. ದಾವಲ್ ಒಯ್ದ.

ಹಗ್ಗ ಸಡ್ಲಾದಾಗ ಪಡುವಣ ಗಾಳಿಗೆ ಆ ತೂತು
ಸಣ್ಣಗ ಸಿಳ್ಳಿ ಹಾಕತೈತಂತ.
ಅವಳ ಮಗ ಅಪ್ಪಲರಾಜು ಸಂತ್ಯಾಗ ಸಿಕ್ಕು ಹೇಳಿದ.
ಬರ್ರಿ, ಒಂದು ಸುತ್ತು ಹೋಗಿ ಕೇಳೀರಂತ, ಅಂದ.
ನೋಡೂಣು ಅಂದೆ.
ನನಗ ನೀರಂದ್ರ ಅಂಜಿಕಿ.

ಸೊಳ್ಳಿಪರದಿ ಎರಡು ಸಲ ಒಗದೇವಿ,
ಇನ್ನೂ ಕರೇ ನೀರು ಬಿಡತೈತಿ.